ಸ್ವರ್ಣಲತೆಯನ್ನು ಎತ್ತಿಕೊಂಡವರು ಯಾರು?

"ನನ್ನ ಮಗಳು ಫೋಟೋದಲ್ಲಿ ಕೇಕಿನ ಮುಂದೆ ಒಬ್ಬಳೇ ಕೂರ್ತಾಳೆ, ರಾಣಿಯ ಹಾಗೆ! ಯಾರೂ ಹಿಡಿಯುವುದು ಬೇಡ!"

ಕುದ್ರೋಳಿಯ ಚೆನ್ನಪ್ಪ ಮೀನಿನ ಮಾರ್ಕೆಟಿನಲ್ಲಿ ಹೀಗೆಂದು ಸಾರಿಬಿಟ್ಟ. ಹಂಚಿನ ಕಾರ್ಖಾನೆಯ ದೊರೆಯ ಬಂಗಲೆಗೆ ಮೀನು ಕೊಡಲು ಹೋದಾಗ ಅವನು ಅಂಥದೊಂದು ಫೋಟೋ ಕಂಡಿದ್ದ. ದೊರೆಯ ಮಗು ಕೂರಬಹುದಾದರೆ, ವರ್ಷ ತುಂಬಿದ ತನ್ನ ಸ್ವರ್ಣಲತೆ ಏಕೆ ಕೂರಬಾರದು?

ಅವನ ತಾಯಿ ಅಕ್ಕು ತಲೆಯಲ್ಲಾಡಿಸಿದಳು.

"ಬೇಡ ಮಗಾ. ಮಗುವನ್ನು ಒಂಟಿ ಕೂರಿಸಿದರೆ ತೀರಿಹೋದವರು ಬಂದು ಎತ್ತಿಕೊಳ್ತಾರೆ. ನನ್ನ ಮಾಮಿ, ನಿನ್ನ ಅಪ್ಪನ ಅಮ್ಮ, ಅವರಿಗೆ ಮಕ್ಕಳೆಂದರೆ ಜೀವ."

"ಅಜ್ಜಿ ಸತ್ತು ಎಷ್ಟು ಕಾಲ ಆಯ್ತಮ್ಮ!"

"ಸತ್ತವರಿಗೆ ಬೇರೆ ಎಂತ ಕೆಲಸ ಉಂಟು?"

ಚೆನ್ನಪ್ಪ ನಕ್ಕ. ಅವನ ಹೆಂಡತಿ ಹರಿಣಾಕ್ಷಿ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ, ಫ್ರಾಕು ತೊಡಿಸಿ, ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟಳು. ನೆರೆಮನೆಯ ಬೆನಿಟಾಬಾಯಿ ಕೇಕು ಮಾಡಿಕೊಟ್ಟಳು. ಅದರ ಮೇಲೆ ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಂದಿಗೆ ಕಡೆದ ದಪ್ಪನೆಯ ಲೇಪ, ಹಾಲಿನಷ್ಟು ಬೆಳ್ಳಗೆ!

ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದೇ ತಡ, ರಾಣಿ, ಹಡಗಿನ ಸಿಳ್ಳೆಯಂತೆ ಕಿರುಚಿದಳು. ತೊಡೆ ಬಿಟ್ಟು ಬೇರೆಡೆ ಕೂತು ಅಭ್ಯಾಸವಿದ್ದರಲ್ಲವೆ?

"ಒಂದು ಉಪಾಯ ಉಂಟು," ಎಂದರು ಫೋಟೋದ ಹರಿದಾಸರಾಯರು. "ನೀವೇ ಕುರ್ಚಿ ಆಗಿ. ಈ ಕಪ್ಪು ಬಟ್ಟೆ ತಲೆಯಿಂದ ಕಾಲಿನವರೆಗೆ ಹೊದ್ದು ಮಗುವನ್ನು ಹಿಡ್ಕೊಳ್ಳಿ. ಹಿಂದೆಯೂ ಕಪ್ಪು ಪರದೆ. ಫೋಟೋದಲ್ಲಿ ನೀವು ಕಾಣುವುದೇ ಇಲ್ಲ."

ಚೆನ್ನಪ್ಪ ಹೆಂಡತಿಯ ಕಡೆ ತಿರುಗಿದ. "ಮಾರ್ಕೆಟಿನಲ್ಲಿ ನನ್ನ ಮರ್ಯಾದೆ ಉಳಿಯಬೇಕು. ಈ ವಿಷಯದಲ್ಲಿ ನೀನು ತುಟಿ ಬಿಚ್ಚಬಾರದು!"

"ಆಯ್ತು ಮಾರಾಯ್ರೆ."

ಬಟ್ಟೆಯೊಳಗೆ ಗವ್ವೆನ್ನುವ ಕತ್ತಲು. ಮಗುವಿನ ಅಳು ಫಕ್ಕನೆ ನಿಂತಿತು. ಅಷ್ಟು ಬೇಗ ನಿಲ್ಲುವ ಅಳು ಅದಲ್ಲ. ಮತ್ತೆ ಮಗು ಕಿಲಕಿಲ ನಕ್ಕಿತು. ಯಾರನ್ನು ನೋಡಿ?

ಆಗ ಬಟ್ಟೆಯ ಮೇಲಿಂದಲೇ ಚೆನ್ನಪ್ಪನ ಹಣೆಯ ಮೇಲೆ ಒಂದು ಬೆರಳು ಊರಿತು. ತಣ್ಣನೆಯ, ಒದ್ದೆ ಬೆರಳು! ಅದು ಮೆಲ್ಲಗೆ ಒಂದು ಕಣ್ಣಿನ ಸುತ್ತ ತಿರುಗಿತು. ಇನ್ನೊಂದು ಕಣ್ಣಿನ ಸುತ್ತಲೂ ತಿರುಗಿತು. ಬಾಯಿಯ ಸುತ್ತ ತಿರುಗಿ, ನಡುವೆ ಒತ್ತಿ ನಿಂತಿತು. ಸಣ್ಣವನಿದ್ದಾಗ ಅವನು ನಿದ್ದೆ ಮಾಡಿದ್ದಾನೋ ಇಲ್ಲವೋ ಎಂದು ಅಜ್ಜಿ ಹೀಗೇ ತಡವಿ ನೋಡುತ್ತಿದ್ದಳು.

"ಉಸಿರಾಡಬೇಡಿ!" ರಾಯರ ದನಿ ಬಾವಿಯ ತಳದಿಂದ ಬಂದಂತಿತ್ತು. ಹೇಳುವ ಅಗತ್ಯವೇ ಇರಲಿಲ್ಲ. ಉಸಿರು ಆಗಲೇ ಹೋಗಿತ್ತು!

ಕೆಲಸ ಮುಗಿದದ್ದೇ ಅವನು ಬಟ್ಟೆ ಕಿತ್ತೆಸೆದು, ಮಗುವನ್ನು ಹೆಂಡತಿಯ ಕೈಗೆ ಹಾಕಿ, ಹಿಂದಿರುಗಿಯೂ ನೋಡದೆ ಜಗಲಿಗೆ ಓಡಿದ.

ಫೋಟೋ ಮನೆಗೆ ಬಂದಾಗ ಮುಸ್ಸಂಜೆ. ಅಕ್ಕು ಅದನ್ನು ದೀಪದ ಹತ್ತಿರ ಹಿಡಿದಳು. ಕೇಕಿನ ಮುಂದೆ ಮಗು ನಗುತ್ತಿತ್ತು. ಅದರ ಹಿಂದಿನ ಕತ್ತಲಲ್ಲಿ ಮೈಯಿಲ್ಲದ ಒಂದು ಮುಖ! ಬೆಳ್ಳನೆಯ ಎರಡು ಕಣ್ಣು, ತೆರೆದ ಬಾಯಿ, ಬಾಯಲ್ಲಿ ಒಂದೇ ಹಲ್ಲು.

"ಮಾಮಿ!" ಎಂದು ಅಕ್ಕು ಚೀರಿದಳು. "ಹಲ್ಲು ಸಹ ಅದೇ!"

ಚೆನ್ನಪ್ಪ ಬಗ್ಗಿ ನೋಡಿದ. ಅಷ್ಟರಲ್ಲಿ ಫೋಟೋದಲ್ಲಿ ಮಗುವಿನ ಮುಷ್ಟಿ ಕಂಡಿತು. ಮುಷ್ಟಿಯ ತುಂಬ ಕೇಕಿನ ಬಿಳಿ ಲೇಪ! ಮರ್ಯಾದೆ ಹಾಳಾಗಲಿ ಎಂದು ಅವನು ಕೂಗಿಬಿಟ್ಟ:

"ಅದು ನಾನು!"

ಅಕ್ಕು ಕೈಮುಗಿದಳು. "ಅಯ್ಯೋ, ಮಗನ ಮೈಮೇಲೆ ಬಂದು ಮಾತಾಡಿದರು!"

"ಅಲ್ಲ! ಬಟ್ಟೆಯೊಳಗೆ ಇದ್ದದ್ದು ನಾನು!"

"ಹೌದು ಮಾಮಿ. ಬಟ್ಟೆ ಸುತ್ತಿ ಮಸಣಕ್ಕೆ ಕಳಿಸಿದ್ದು ನಾವೇ ಅಲ್ವಾ?"

ಚೆನ್ನಪ್ಪ ಹೆಂಡತಿಯ ಕಿವಿಯಲ್ಲಿ ಗೋಗರೆದ. "ನೀನಾದರೂ ಹೇಳು! ನೀನು ನೋಡಿದ್ದೀಯಲ್ಲ?"

"ಮಗು ಬಟ್ಟೆಗೆ ಲೇಪ ಬಳಿಯುವಾಗಲೇ ನೋಡಿದ್ದೆ. ತುಟಿ ಬಿಚ್ಚಬಾರದು ಅಂತ ನೀವೇ ಹೇಳಿದ್ದು."

ಅಷ್ಟರಲ್ಲಿ ಅಕ್ಕು ಅವನ ಮುಂದೆ ಎಲೆ ಹಾಕಿದಳು. ಒಳಗಿನಿಂದ ಹುಟ್ಟುಹಬ್ಬದ ಕೋಳಿಸಾರಿನ ಪರಿಮಳ! ಹೋಗಲಿ, ಅಜ್ಜಿಯ ಹೆಸರಿನಲ್ಲಾದರೂ ತಿಂದೇನು ಎಂದು ಚೆನ್ನಪ್ಪ ಕೂತ. ಅಕ್ಕು ರೊಟ್ಟಿಯ ಮೇಲೆ ಸಾರು ಸುರಿದಳು. ಬರೀ ಸಾರು.

"ಕೋಳಿ ಎಲ್ಲಿ?"

ಆಗ ಮುಗಿದಿದ್ದ ಅಕ್ಕುವಿನ ಕೈ ಈಗ ಸೊಂಟಕ್ಕೆ ಹೋಯಿತು.

"ಮಾಮಿ, ನಾನು ಈ ಮನೆಗೆ ಬಂದಲ್ಲಿಂದ ನೀವು ಕಣ್ಣು ಮುಚ್ಚುವ ತನಕ ನನಗೆ ಸಾರು ಮಾತ್ರ ಬಡಿಸಿದ್ದಿರಿ. ಒಂದು ತುಂಡು ಹಾಕಲಿಲ್ಲ. ಅಂದು ಬಾಯಿ ಬಿಡ್ಲಿಕ್ಕೆ ಧೈರ್ಯ ಇರಲಿಲ್ಲ. ಇವತ್ತು ಹೇಗೂ ಬಂದಿದ್ದೀರಿ. ತಿನ್ನಿ!"

ಹರಿಣಾಕ್ಷಿ ತುಂಡುಗಳಿದ್ದ ಪಾತ್ರೆಯನ್ನು ಅತ್ತೆಯ ಪಕ್ಕಕ್ಕೆ ಸರಿಸಿ, ಸೌಟು ಹಿಡಿದು ವಿನಯದಿಂದ ಬಗ್ಗಿದಳು.

"ಅಜ್ಜೀ, ಇನ್ನು ಸ್ವಲ್ಪ ಸಾರು ಹಾಕಲಾ?"