ನೆಂಟರಲ್ಲದವರು ಬೇಕಾಗಿದ್ದಾರೆ

ನಮ್ಮ ದೊಡ್ಡಮ್ಮನಿಗೆ ನೆಂಟನಲ್ಲದ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಅತಿಯಾಯಿತು ಅನ್ನಿಸಿದರೆ ಚನ್ನಪಟ್ಟಣದಿಂದ ನಮ್ಮೂರು ಅಕ್ಕೂರಿಗೆ ಬರುವ ಬಸ್ಸಿನಲ್ಲಿ ಒಮ್ಮೆ ಅವಳ ಪಕ್ಕ ಕೂತು ನೋಡಿ. ಬಸ್ಸು ಸ್ಟ್ಯಾಂಡು ಬಿಡುವ ಮೊದಲೇ ನಿಮ್ಮ ಊರು ಕೇಳುತ್ತಾಳೆ. ಪೇಟೆ ದಾಟುವಷ್ಟರಲ್ಲಿ ನಿಮ್ಮ ತಾಯಿಯ ತವರು ಯಾವುದೆಂದು ತಿಳಿದುಕೊಂಡಿರುತ್ತಾಳೆ. ಇಳಿಯುವ ಹೊತ್ತಿಗೆ ನೀವು ಅವಳಿಗೆ ಅಳಿಯನೋ ತಮ್ಮನೋ ಆಗಿರುತ್ತೀರಿ, ಬೇಡವೆಂದರೂ ಬಿಡುವುದಿಲ್ಲ! ನಮ್ಮ ಕಡೆ ಇದಕ್ಕೆ ವರಸೆ ನೋಡುವುದು ಅನ್ನುತ್ತಾರೆ. ಎಲ್ಲರೂ ನೋಡುತ್ತಾರೆ, ಆದರೆ ಎಲ್ಲೋ ಒಂದು ಕಡೆ ನಿಲ್ಲಿಸುತ್ತಾರೆ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲಂತೂ ದೊಡ್ಡಮ್ಮನನ್ನು ನಿಲ್ಲಿಸುವವರೇ ಇಲ್ಲವಾಗಿ, ನಮ್ಮ ಬಳಗ ಜಿಲ್ಲೆಯ ತುಂಬ ಹರಡಿಕೊಂಡಿದೆ.

ರಾಮನಗರದ ಮಾರ್ಕೆಟ್ಟಿನಲ್ಲಿ ನಮ್ಮ ರೇಷ್ಮೆಗೂಡು ಕೊಳ್ಳುವ ಸಾಹೇಬರೊಬ್ಬರಿದ್ದಾರೆ. ಅವರಿಗೆ ಇವಳು ಅಕ್ಕ. "ಅದ್ಹೆಂಗೆ ದೊಡ್ಡಮ್ಮ?" ಎಂದು ಕೇಳಿದೆ.

"ಅವ್ರ ತಾಯಿನೂ ನಾನೂ ಒಂದೇ ಆಸ್ಪತ್ರೇಲಿ ಕಣ್ಣು ಆಪರೇಷನ್ ಮಾಡಿಸ್ಕಂಡಿದ್ವಿ ಕಣ್ಲಾ. ಅಕ್ಕಪಕ್ಕದ ಮಂಚ."

"ಹಂಗಾದ್ರೆ ನೀನು ಅವರಿಗೆ ಚಿಕ್ಕಮ್ಮ ಆಗಬೇಕಲ್ಲ?"

"ಚಿಕ್ಕಮ್ಮ ಅಂದ್ರೆ ವಯಸ್ಸಾದಂಗೆ ಕಾಣ್ತದೆ. ಅಕ್ಕನೇ ಸಾಕು."

ಇಂಥ ದೊಡ್ಡಮ್ಮನಿಗೂ ಕನಕಪುರ ರಸ್ತೆಯ ಒಂದು ಇಂಟರ್‌ನ್ಯಾಷನಲ್ ಸ್ಕೂಲಿಗೂ ಗಂಟು ಬಿದ್ದದ್ದು ನನ್ನ ಮಗಳು ಸಿಂಚನಳಿಂದ. ಜಿಲ್ಲೆಯ ಹಳ್ಳಿ ಮಕ್ಕಳಿಗೆಂದು ಆ ಸ್ಕೂಲಿನವರು ಇಟ್ಟಿದ್ದ ಉಚಿತ ಸೀಟಿಗೆ ಪರೀಕ್ಷೆ ಬರೆದು, ಎಸ್ಸೆಸ್ಸೆಲ್ಸಿ ಮುಗಿಸಿದವಳು ಪಿಯುಸಿಗೆ ಬದಲು ಅಲ್ಲಿನ ಹಾಸ್ಟೆಲ್ಲಿನಲ್ಲಿದ್ದು ಓದುವ ಎರಡು ವರ್ಷದ ಡಿಪ್ಲೊಮಾ ಸೇರಿದಳು. ಮೊದಲ ದಿನ ಪೋಷಕರನ್ನೆಲ್ಲ ಕೂರಿಸಿ ಅಲ್ಲಿನ ವ್ಯವಸ್ಥೆ ವಿವರಿಸಿದರು. ಡಿಪ್ಲೊಮಾದ ಉಸ್ತುವಾರಿ ಪಾಲಕ್ಕಾಡಿನ ಕಡೆಯ ಒಬ್ಬರು ಮೇಡಂ ಅವರದು. ಕಲಿತ ಕನ್ನಡವಾದರೂ ಚೆನ್ನಾಗಿ ಮಾತಾಡುತ್ತಿದ್ದರು. ವಿಷಯಗಳನ್ನು ಮಕ್ಕಳೇ ಆರಿಸಿಕೊಳ್ಳಬಹುದು ಎಂದರು. "ಆರಿಸ್ಕಬೋದಂತೆ, ಲೆಕ್ಕ ಬುಟ್ಬುಡು" ಎಂದು ದೊಡ್ಡಮ್ಮ ಸಿಂಚನಳ ಕಿವಿಯಲ್ಲಿ ಹೇಳಿದಳು. ರ‍್ಯಾಂಕು ಕೊಡುವುದಿಲ್ಲ ಎಂದರು. "ಮತ್ತೆ ಊರಲ್ಲಿ ಏನಂತ ಹೇಳನ?" ಎಂದು ಎದ್ದು ನಿಂತು ಕೇಳಿಯೇಬಿಟ್ಟಳು. ನಮಗೆ ಗೊತ್ತಿರುವುದು ನಿಜವಾಗಿ ಗೊತ್ತು ಎಂದು ಹೇಗೆ ಗೊತ್ತು ಎಂಬುದನ್ನು ಕಲಿಸುವ ಒಂದು ತರಗತಿಯೂ ಇದೆಯಂತೆ. "ಇದ್ಕೆ ಎರಡು ವರ್ಷ ಬೇಕಾ? ನಮ್ಮೂರ ಅರಳಿಕಟ್ಟೇಲಿ ದಿನಾ ಇದೇ ನಡೀತದೆ" ಎಂದಳು. ಪಕ್ಕದಲ್ಲಿ ಕೂತಿದ್ದ ಸೂಟಿನವರು ನಕ್ಕರು. ಮೀಟಿಂಗು ಮುಗಿಯುವಷ್ಟರಲ್ಲಿ ಅವರ ಅಜ್ಜಿ ಮಳವಳ್ಳಿಯವರೆಂದು ಗೊತ್ತಾಗಿ, ಅವರೂ ಅಳಿಯನಾದರು.

ಕೊನೆಯಲ್ಲಿ ಮೇಡಂ ಒಂದು ಮಾತು ಒತ್ತಿ ಹೇಳಿದರು. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬರಲಿ, ಸಮಾಜಸೇವೆಯ ಭಾಗ ಮುಗಿಸದವರಿಗೆ ಡಿಪ್ಲೊಮಾ ಇಲ್ಲ. ಆ ಸೇವೆ ಸ್ವಂತ ಮನೆಯವರಿಗೆ, ನೆಂಟರಿಗೆ ಮಾಡಿದ್ದಾಗಿರಬಾರದು. ನೆಂಟರಿಗೆ ಮಾಡಬಾರದಂತೆ! ಈ ನಿಯಮ ಬರೆದ ಪುಣ್ಯಾತ್ಮರು ನಮ್ಮ ದೊಡ್ಡಮ್ಮನನ್ನು ನೋಡಿರಲಿಲ್ಲ.

ಸಿಂಚನ ಅಕ್ಕೂರಿನಲ್ಲೇ ಶುರುಮಾಡಿದಳು. ರಜೆ ಬಂದಾಗಲೆಲ್ಲ ಊರಿನ ವಯಸ್ಸಾದ ಹೆಂಗಸರನ್ನು ನಮ್ಮ ಜಗಲಿಯಲ್ಲಿ ಕೂರಿಸಿ ಸಹಿ ಹಾಕುವುದನ್ನು, ಮೊಬೈಲಿನಲ್ಲಿ ಪಿಂಚಣಿಯ ಮೆಸೇಜು ನೋಡುವುದನ್ನು ಕಲಿಸಿದಳು. ಒಂದು ದಿನ ಮೇಡಂ ನೋಡಲು ಬಂದರು. ದೊಡ್ಡಮ್ಮ ಸಂಭ್ರಮದಿಂದ ಪರಿಚಯ ಮಾಡಿಕೊಟ್ಟಳು.

"ಇವ್ಳು ನಂಗೆ ಅತ್ತಿಗೆ ಆಗ್ಬೇಕು. ಇವ್ಳು ಅವಳ ಬೀಗಿತ್ತಿ. ಇಕಾ, ಮೂಲೇಲಿ ಕುಂತವ್ಳಲ್ಲ, ಅವ್ಳು ವರಸೇಲಿ ಚಿಕ್ಕಮ್ಮ, ವಯಸ್ಸಲ್ಲಿ ನನಗಿಂತ ಚಿಕ್ಕೋಳು."

ಅತ್ತಿಗೆ ಎನಿಸಿಕೊಂಡವಳ ಮನೆಯವರಿಗೂ ನಮಗೂ ಕೊಟ್ಟು ತಂದ ಸಂಬಂಧವೇ ಇಲ್ಲ. ಸಿಂಚನ ಅಡ್ಡ ಬಂದು "ಇವರು ಬರೀ ಊರಿನವರು ಮೇಡಂ" ಎಂದಳು. ದೊಡ್ಡಮ್ಮನಿಗೆ ಕೆಟ್ಟ ಕೋಪ ಬಂತು. "ಬರೀ ಊರಿನೋರಾ? ಯಾರಾದ್ರೂ ಕೇಳುಸ್ಕಂಡಾರು" ಎಂದು ಗದರಿ, ಒಬ್ಬೊಬ್ಬರ ಸಂಬಂಧವನ್ನೂ ಮುತ್ತಜ್ಜನ ಕಾಲದಿಂದ ಎಳೆದು ತಂದು ಸಾಬೀತು ಮಾಡಿದಳು. ಮೇಡಂ ಫೈಲು ಮುಚ್ಚಿದರು. ಹೊರಡುವಾಗ ದೊಡ್ಡಮ್ಮ ಅವರಿಗೆ ಕುಂಕುಮ ಕೊಟ್ಟು, ನಮ್ಮೂರಿನ ಒಬ್ಬರು ಶಬರಿಮಲೆಗೆ ಹೋಗುತ್ತಾ ಪಾಲಕ್ಕಾಡಿನಲ್ಲಿ ಊಟ ಮಾಡಿದ್ದರೆಂದೂ, ಆ ಲೆಕ್ಕದಲ್ಲಿ ಮೇಡಂ ತನಗೆ ಸೊಸೆಯೆಂದೂ ತೀರ್ಮಾನಿಸಿದಳು. ಸಿಂಚನ ತಲೆ ಮೇಲೆ ಕೈ ಹೊತ್ತು ಕೂತಳು. ಅಂಕ ಹಾಕುವವರೂ ನೆಂಟರಾಗಿರಬಾರದು ಎಂಬ ನಿಯಮ ಅಲ್ಲಿತ್ತು!

ಊರು ಬಿಟ್ಟು ಮಾಗಡಿ ಕಡೆಯ ಒಂದು ಅಂಗನವಾಡಿಗೆ ಹೋಗುವುದೆಂದಾಯಿತು. ಮಕ್ಕಳಿಗೆ ಹಾಡು, ಚಿತ್ರ, ಕಥೆ. ಹುಡುಗಿಯೊಬ್ಬಳನ್ನೇ ಕಳಿಸಲಾರೆನೆಂದು ದೊಡ್ಡಮ್ಮ ಹೊರಟಳು. ಬಾಯಿ ಬಿಡುವುದಿಲ್ಲವೆಂದು ಆಣೆ ಇಟ್ಟು, ಮಾತು ಹೊರಡದಿರಲೆಂದು ಎಲೆಅಡಿಕೆ ತುಂಬಿಕೊಂಡಳು. ಪಾಪ, ಆಣೆ ಮುರಿಯಲಿಲ್ಲ. ಆದರೆ ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಎಳನೀರು ಮಾರುವವನು ಮಚ್ಚು ಕೆಳಗಿಟ್ಟು "ಏನತ್ತೆ, ಇಷ್ಟು ದೂರ ಬಂದ್ಬುಟ್ಟಿದ್ದೀಯಾ?" ಎಂದ. ಅಂಗನವಾಡಿಯ ಟೀಚರು ಯಾವುದೋ ಬಸ್ಸಿನ ಹಳೇ ಪರಿಚಯ, "ಅತ್ತೆ, ಕೂತ್ಕಳಿ" ಎಂದು ಚಾಪೆ ಹಾಸಿದಳು. ಆ ಟೀಚರನ್ನು ನೋಡಿ ಮಕ್ಕಳೆಲ್ಲ ಇವಳನ್ನು ಅಜ್ಜಿ ಎಂದವು. ಸ್ಕೂಲಿಗೆ ತೋರಿಸಲು ಸಿಂಚನ ತೆಗೆದ ವಿಡಿಯೊದಲ್ಲಿ ಅವಳ ಪಾಠಕ್ಕಿಂತ "ಅಜ್ಜಿ, ಅಜ್ಜಿ" ಎಂಬುದೇ ಜೋರಾಗಿ ಕೇಳುತ್ತಿತ್ತು.

ಮೇಡಂ ನಮ್ಮನ್ನು ಕರೆಸಿದರು. ಈ ಸಲ ಯಾರೂ ನಗಲಿಲ್ಲ. ಪರೀಕ್ಷೆ ಹತ್ತಿರವಾಗಿತ್ತು. ಓದಿನಲ್ಲಿ ಸಿಂಚನ ಮುಂದೆಯೇ ಇದ್ದಳು, ಬರೆಯಬೇಕಿದ್ದ ದೊಡ್ಡ ಪ್ರಬಂಧವನ್ನೂ ಮುಗಿಸಿದ್ದಳು. ಆದರೆ ಸೇವೆಯ ಭಾಗ ಖಾಲಿ. ಹೀಗೇ ಉಳಿದರೆ ಎರಡು ವರ್ಷ ಓದಿಯೂ ಡಿಪ್ಲೊಮಾ ಕೈಗೆ ಬರುವುದಿಲ್ಲ ಎಂದರು. ಮಗಳು ತಲೆ ತಗ್ಗಿಸಿ ಕೂತಿದ್ದಳು.

ಆಗ ದೊಡ್ಡಮ್ಮ ಕೇಳಿದಳು, "ನಾನು ಬಚ್ಚಲಲ್ಲಿ ಬಿದ್ದು ಸೊಂಟ ಮುರ್ಕಂಡಾಗ ಈ ಮಗು ಹೋದ ಬೇಸಗೆ ರಜೆಯೆಲ್ಲಾ ನನ್ನ ಎತ್ತಿ ಕೂರಿಸ್ತು, ತಲೆ ಬಾಚ್ತು, ಕೈ ಹಿಡ್ದು ಒಸಿ ಒಸಿ ನಡೆಸ್ತು. ಅದು ಸೇವೆ ಅಲ್ವಾ?"

"ಸೇವೆಯೇ ಅಮ್ಮ. ಆದ್ರೆ ನೀವು ಅವಳ ಅಜ್ಜಿ. ಮನೆಯವರಿಗೆ ಮಾಡಿದ್ದು ಲೆಕ್ಕಕ್ಕೆ ಬರಲ್ಲ."

ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ನಾನು ಅವಳಿಗೆ ಏನೂ ಆಗ್ಬೇಕಿಲ್ಲ ಮೇಡಂ" ಎಂದಳು. "ಈ ಮನೇಲಿ ಯಾರಿಗೂ ಏನೂ ಆಗ್ಬೇಕಿಲ್ಲ. ಬರ್ಕಳಿ."

ನಿಜವೇ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಎಲ್ಲಿಂದಲೋ ಬಂದಿದ್ದ ಆಳುಗಳ ಜೊತೆ ಪುಟ್ಟ ಹುಡುಗಿಯಾಗಿ ಬಂದವಳು ಅವಳು. ಜ್ವರ ಬಂದು ಮಲಗಿದ್ದಾಗ ಅವಳನ್ನು ಬಿಟ್ಟು ಆಳುಗಳು ಹೊರಟುಹೋದರು. ಆಮೇಲೆ ಯಾರೂ ಹುಡುಕಿಕೊಂಡು ಬರಲಿಲ್ಲ. ನಮ್ಮಜ್ಜಿ "ಇವ್ಳು ನನ್ನ ಹಿರೀಮಗಳು" ಎಂದುಬಿಟ್ಟಳು. ಆಮೇಲೆ ಹುಟ್ಟಿದ ನಮ್ಮವ್ವನಿಗೆ ಅಕ್ಕನಾದಳು, ನನಗೆ ದೊಡ್ಡಮ್ಮನಾದಳು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಎತ್ತಬಾರದೆಂದಲ್ಲ, ನಮಗೆ ಅದು ನೆನಪೇ ಆಗುತ್ತಿರಲಿಲ್ಲ. ಅವಳಿಗೆ ಮಾತ್ರ ಮರೆತಿರಲಿಲ್ಲ ಎಂದು ಅವತ್ತು ಗೊತ್ತಾಯಿತು.

"ಅದನ್ನ ಬರ್ಕೋಬೇಡಿ ಮೇಡಂ" ಎಂದಳು ಸಿಂಚನ, ಅಳುತ್ತಲೇ. "ಡಿಪ್ಲೊಮಾ ಬರದಿದ್ರೆ ಹೋಗ್ಲಿ. ನಂಗೆ ಒಂದೇ ಒಂದು ಅವಕಾಶ ಕೊಡಿ, ಬೇರೆ ಏನಾದ್ರೂ ಮಾಡ್ತೀನಿ."

ಮೇಡಂ ಪೆನ್ನು ಕೆಳಗಿಟ್ಟರು. ಪರೀಕ್ಷೆಯವರೆಗೆ ಸಮಯ ಕೊಟ್ಟರು.

ಸಿಂಚನ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಹೋದಳು. ಅಲ್ಲಿ ಒಡಿಶಾ, ಬಿಹಾರದಿಂದ ಬಂದು ಫ್ಯಾಕ್ಟರಿಗಳಲ್ಲಿ ದುಡಿಯುವ ಹೆಂಗಸರಿಗೆ ಬಸ್ಸಿನ ಬೋರ್ಡು ಓದುವಷ್ಟು, ಆಸ್ಪತ್ರೆಯಲ್ಲಿ ನೋವು ಎಲ್ಲಿದೆಯೆಂದು ಹೇಳುವಷ್ಟು ಕನ್ನಡ ಕಲಿಸಿದಳು. ದೊಡ್ಡಮ್ಮ ಆ ಕಡೆ ತಲೆ ಹಾಕಲಿಲ್ಲ. ಕೆಲಸ ಪೂರ್ತಿಯಾಯಿತು, ಪರೀಕ್ಷೆಯೂ ಆಯಿತು, ಡಿಪ್ಲೊಮಾ ಬಂತು.

ಡಿಪ್ಲೊಮಾ ಕೊಡುವ ದಿನ ಪ್ರತಿ ಹೆಸರು ಕರೆದಾಗಲೂ ಆ ಮಗುವಿನ ಮನೆಯವರು ವೇದಿಕೆ ಹತ್ತಿ ಜೊತೆಗೆ ನಿಲ್ಲಬೇಕಿತ್ತು. ಸಿಂಚನಳ ಹೆಸರು ಕರೆದರು. ನಾನೂ ನನ್ನ ಹೆಂಡತಿಯೂ ಎದ್ದೆವು, ದೊಡ್ಡಮ್ಮ ಏಳಲಿಲ್ಲ. ಕಂಬದ ಮರೆಗೆ ಸರಿದು ಕೂತಳು.

"ನೀವು ಹೋಗ್ರಲಾ" ಎಂದಳು ಮೆಲ್ಲಗೆ. "ಏನೂ ಆಗ್ಬೇಕಿಲ್ಲ ಅಂತ ನನ್ನ ಬಾಯಾರೆ ಹೇಳಿವ್ನಿ. ಈಗ ಬಂದ್ರೆ ಮಗೀನ ಕೈಯಿಂದ ಸರ್ಟಿಫಿಕೇಟು ಕಿತ್ಕತ್ತಾರೆ."

ಸಿಂಚನ ಕಪ್ಪು ಗೌನಿನಲ್ಲೇ ಮೆಟ್ಟಿಲಿಳಿದು ಬಂದು ಅವಳ ಕೈ ಹಿಡಿದಳು. ಹಿಂದೆಯೇ ಮೇಡಂ ಬಂದರು. ದೊಡ್ಡಮ್ಮ ಅವರ ಮುಖ ನೋಡಿದಳು.

"ಅವತ್ತು ನಾನು ಹೇಳಿದ್ದು ಬರ್ಕಂಡಿದ್ರಾ ಮೇಡಂ?"

"ಇಲ್ಲಮ್ಮ. ನಾನು ಏನೂ ಬರ್ಕೊಂಡಿಲ್ಲ."

ದೊಡ್ಡಮ್ಮ ಮೊಮ್ಮಗಳ ಭುಜ ಹಿಡಿದು ನಿಧಾನಕ್ಕೆ ಎದ್ದಳು, ಸೆರಗು ಸರಿಮಾಡಿಕೊಂಡಳು.

"ಹಂಗಾದ್ರೆ ಈಗ ಬರ್ಕಳಿ" ಎಂದಳು. "ನಾನು ಅವಳ ಅಜ್ಜಿ."