ಕಪ್ಪುಕುಳಿಯಾದ ರೊಟ್ಟಿ ಹಂಚು

ಅಡುಗೆಮನೆಯ ಸಾಮಾನು ಮುಟ್ಟುವ ಮುನ್ನ ಹೆಂಡತಿಯನ್ನು ಕೇಳಬೇಕೆಂಬುದು ಮದುವೆಯಾದ ಎಲ್ಲ ಗಂಡಸರಿಗೂ ಗೊತ್ತಿರುವ ವಿಜ್ಞಾನ. ಸಂಶಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಮಾತ್ರ ಗೊತ್ತಿರಲಿಲ್ಲ. ವಿಜ್ಞಾನ ದಿನಕ್ಕೆ ಊರವರೆದುರು ಆಕಾಶದ ಕಪ್ಪುಕುಳಿಗಳ, ಅಂದರೆ ಬ್ಲ್ಯಾಕ್ ಹೋಲ್‌ಗಳ ಬಗ್ಗೆ ಮಾತಾಡುತ್ತೇನೆಂದು ಜಂಬದಿಂದ ಒಪ್ಪಿಕೊಂಡಿದ್ದೆ. ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುವುದನ್ನು ತೋರಿಸಲು ದುಂಡನೆಯ ವಸ್ತು ಬೇಕಿತ್ತು. ಹೆಂಡತಿ ಗಿರಿಜಾಳ ಎರಡು ರೊಟ್ಟಿ ಹಂಚು ಕಣ್ಣಿಗೆ ಬಿದ್ದವು. ಮಸಿ ಹಿಡಿದಿವೆಯೆಂದು ತಿಕ್ಕಿ ತೊಳೆದು, ಶಾಲೆಯ ಬೋರ್ಡಿಗೆ ಬಳಿಯುವ ಕಪ್ಪು ಬಣ್ಣ ಬಳಿದೆ. ಅವು ಅವಳ ತವರಿನ ಹಂಚು; ವರ್ಷಗಟ್ಟಲೆ ಜೋಳದ ರೊಟ್ಟಿ ಬೇಯಿಸಿ ಹದಗೊಂಡಿದ್ದವು.

"ಇನ್ನ ಇದರ ಮ್ಯಾಲ ರೊಟ್ಟಿ ಬ್ಯಾಡ, ಪಾಠಾ ಬರೀರಿ," ಎಂದವಳು ಮಾತು ಬಿಟ್ಟಳು.

ನಾನು ಪಡಸಾಲೆಯಲ್ಲಿದ್ದರೆ ಅವಳು ಅಡುಗೆಮನೆಯಲ್ಲಿ, ನಾನು ಹಿತ್ತಲಿಗೆ ಹೋದರೆ ಅವಳು ಅಂಗಳಕ್ಕೆ. ಅಂತರ ಒಂದಿಷ್ಟೂ ಕಡಿಮೆಯಾಗದಂತೆ ಒಬ್ಬರನ್ನೊಬ್ಬರು ಸುತ್ತುತ್ತಿದ್ದೆವು. ಆಕಾಶದಲ್ಲೂ ಹೀಗೆಯೇ ಅಂತೆ. ಒಂದಕ್ಕೊಂದು ದೂರವಿದ್ದು ದುಂಡಗೆ ಸುತ್ತುವ ಕಪ್ಪುಕುಳಿಗಳ ಜೋಡಿ ತಾನಾಗಿ ಕೂಡಲು ವಿಶ್ವದ ವಯಸ್ಸೂ ಸಾಲದು. ತಪ್ಪಾಯಿತು ಎನ್ನಲು ನನಗೋ ಬಾಯಿ ಬರಲೊಲ್ಲದು. ಭಾಷಣ ಹಾಳಾಗಿ ಹೋಗಲಿ, ಇವಳು ಇನ್ನು ಮಾತಾಡುವುದೇ ಇಲ್ಲವೇನೋ ಎಂದು ನಿಜಕ್ಕೂ ಹೆದರಿದೆ.

ಆಗ ಬಂದಳು ಮೂರನೆಯವಳು. ಬಂದಳು ಎನ್ನುವುದೂ ತಪ್ಪೇ, ಬಾಜೂ ಮನೆಯ ಮೆಹಬೂಬಿ ಚಾಚಿ ತನ್ನ ಕಾಂಪೌಂಡು ದಾಟಲೇ ಇಲ್ಲ. ಹಂಚಿಲ್ಲದ ಮನೆಗೆ ದಿನಾ ಗೋಡೆಯ ಮೇಲಿಂದ ರೊಟ್ಟಿ ಕೊಡುತ್ತ, ಜೊತೆಗೊಂದು ಮಾತು ಒಗೆಯುವಳು. ಗಿರಿಜಾಳಿಗೆ, "ನಿನ್ನ ಮಾಸ್ತರ ಭಾಳ ಸೊರಗ್ಯಾನ ನೋಡವಾ." ನನಗೆ, "ಏನ್ರಿ ಮಾಸ್ತರ, ಗಿರಿಜಾನ ಮಾರಿ ಅಗದಿ ಸಣ್ಣಾಗೇತಿ." ಅಷ್ಟೇ. ನಮ್ಮ ದುಂಡನೆಯ ಸುತ್ತು ಸೊಟ್ಟಗಾಗತೊಡಗಿತು. ಗಿರಿಜಾ ಚಹಾ ಹಿಡಿದು ನನ್ನ ಖುರ್ಚಿಯವರೆಗೂ ಬಂದು, ಕಪ್ಪು-ಬಸಿ ಕುಕ್ಕಿ, ಮೊದಲಿಗಿಂತ ದೂರ ಹೋಗಿ ಕೂರುವಳು. ಮರುದಿನ ಇನ್ನೂ ಹತ್ತಿರ ಬರುವಳು. ಪುಸ್ತಕ ಹಿಡಿದು ಒದ್ದಾಡಿದರೂ ತಿಳಿಯದ್ದು ನನಗೆ ಪಡಸಾಲೆಯಲ್ಲಿ ತಿಳಿಯಿತು. ದೂರದ ಮೂರನೆಯ ಕಾಯವೊಂದು ಸಣ್ಣಗೆ, ಮತ್ತೆ ಮತ್ತೆ ಎಳೆಯುತ್ತಿದ್ದರೆ ಜೋಡಿಯ ದಾರಿ ಉದ್ದಕ್ಕೆ ಹಿಗ್ಗಿ, ಎರಡೂ ಒಮ್ಮೊಮ್ಮೆ ತೀರ ಹತ್ತಿರ ಹಾಯುತ್ತವೆ. ಹಾಯುವಾಗಲೆಲ್ಲ ಶಕ್ತಿ ಗುರುತ್ವದ ಅಲೆಯಾಗಿ ಸೋರಿ, ಕೊನೆಗೆ ಕೂಡಿಬಿಡುತ್ತವೆ.

ಭಾಷಣದ ಹಿಂದಿನ ದಿನ ಚಾಚಿ ಒಂದೇ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. "ಇಬ್ಬರೂ ಕೂಡಿ ಉಣ್ರಿ, ನನಗ ತಾಟು ಲಗೂ ಬೇಕು."

ಉಣ್ಣಲು ಕೂತೆವು. ಒಂದೇ ರೊಟ್ಟಿಗೆ ಇಬ್ಬರ ಕೈಯೂ ಬಿತ್ತು. "ತಪ್ಪಾತು," ಎಂದೆ. ಗಿರಿಜಾ ನಕ್ಕುಬಿಟ್ಟಳು. ನನಗೆ ಹೋದ ಜೀವ ಬಂದಂತಾಯಿತು.

ಮರುದಿನ ಹಂಚುಗಳನ್ನು ತೂಗುಹಾಕಿ, ನಮ್ಮ ಮನೆಯ ಈ ಕತೆಯನ್ನೇ ಹೇಳಿ ಕಪ್ಪುಕುಳಿ ವಿವರಿಸಿದೆ. ಮುಂದಿನ ಸಾಲಿನಲ್ಲಿ ಗಿರಿಜಾ, ಪಕ್ಕದಲ್ಲಿ ಚಾಚಿ. ಜನ ಬಿದ್ದುಬಿದ್ದು ನಕ್ಕರು, ಹೆಡ್‌ಮಾಸ್ತರರು ಎದ್ದು ಬಂದು ಕೈ ಕುಲುಕಿದರು. ಉಬ್ಬಿಹೋಗಿ ಇನ್ನೊಂದು ಮಾತು ಸೇರಿಸಿದೆ: "ಕೂಡಿದ ಮೇಲೆ ಎರಡರ ತೂಕವೂ ಪೂರ್ತಿ ಉಳಿಯುವುದಿಲ್ಲ. ಸ್ವಲ್ಪ ಅಲೆಯಾಗಿ ಹಾರಿಹೋಗಿರುತ್ತದೆ."

"ಯಾರದು ಹಾರಿಹೋತ್ರಿ?" ಎಂದಳು ಗಿರಿಜಾ, ಎಲ್ಲರಿಗೂ ಕೇಳುವಂತೆ.

"ನಂದ," ಎಂದೆ.

ಇಡೀ ಭಾಷಣಕ್ಕೆ ಬೀಳದಷ್ಟು ಚಪ್ಪಾಳೆ ಆ ಒಂದು ಉತ್ತರಕ್ಕೆ ಬಿತ್ತು.