ಜೋಡಿ ಮೆಟ್ಟಿಲಿನ ದೊಡ್ಡ ಮನೆ

ಬಾಡಿಗೆ ಮನೆಯ ಬಗ್ಗೆ ಜಂಬ ಪಡುವುದು ಎರವಲು ಒಡವೆ ತೊಟ್ಟು ಮದುವೆಗೆ ಹೋದ ಹಾಗೆ. ಗೊತ್ತಿದ್ದೂ ಪಟ್ಟವನು ನಾನು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಹಳೇ ಪೇಟೆಯ ದೊಡ್ಡ ಮನೆಯ ಮಹಡಿಯಲ್ಲಿ ಸಂಸಾರ ಹೂಡಿದ್ದೆ. ತೇಗದ ಕಂಬ, ಕುದುರೆ ಓಡಿಸಬಹುದಾದ ಪಡಸಾಲೆ, ಮಹಡಿಗೆ ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲು. ಸಹೋದ್ಯೋಗಿಗಳೆಲ್ಲ ಮತ್ತಿಗಿರಿಯ ಬೆಂಕಿಪೊಟ್ಟಣದಂಥ ಮನೆಗಳಲ್ಲಿದ್ದುದರಿಂದ ನನ್ನ ತಲೆ ತಿರುಗಿದ್ದು ಸಹಜ.

ಮೈಸೂರಿನಿಂದ ಮಾವನವರು ಬಂದರು. ಮನೆ ನೋಡಿ ಬೆರಗಾದರು. ಅಳಿಯನನ್ನು ನೋಡಿ ಅವರು ಬೆರಗಾದದ್ದು ಇದೇ ಮೊದಲಾದ್ದರಿಂದ ನಾನು ತಡೆಯಲಾರದೆ, "ಇದು ದಿವಾನರೊಬ್ಬರು ಕಟ್ಟಿಸಿದ ಮನೆ. ಎರಡನೇ ಮೆಟ್ಟಿಲು ದೊರೆಗಳಿಗೆಂದೇ" ಎಂದುಬಿಟ್ಟೆ. ಮಾವ ನೇರವಾಗಿ ಕೆಳಗಿಳಿದು, ಅವರೆಕಾಯಿ ಸುಲಿಯುತ್ತಿದ್ದ ಮನೆಯೊಡತಿ ನಂಜಮ್ಮನವರನ್ನು ಆ ದಿವಾನರ ಹೆಸರು ಕೇಳಿದರು. ನಾನು ಕಂಬದ ಹಿಂದೆ ನಿಂತೆ. ತೇಗದ ಕಂಬ ದಪ್ಪಗಿದ್ದದ್ದು ಅಂದು ಉಪಯೋಗಕ್ಕೆ ಬಂತು.

"ಯಾವ ದಿವಾನ್ರು ಸ್ವಾಮಿ? ಕಟ್ಟಿಸ್ದೋರು ನಮ್ಮ ಮಾವನೋರು. ಹುಣಸೆಹಣ್ಣು ಯಾಪಾರ. ಸೂಳಗಿರಿ ಕಡೆಯಿಂದ ಗಾಡಿಗಟ್ಲೆ ಬತ್ತಿತ್ತು. ಪಡಸಾಲೆ ತುಂಬಾ ಹುಣಸೆಹಣ್ಣು, ನಾವೆಲ್ಲ ಹಿಂದ್ಗಡೆ ಮಲಗ್ತಿದ್ದೋ."

"ಮತ್ತೆ ಎರಡು ಮೆಟ್ಟಿಲು?"

ನಂಜಮ್ಮನವರು ನಕ್ಕರು. "ಅದಾ? ನನಗೂ ನಮ್ಮ ಓರಗಿತ್ತಿಗೂ ಒರಳಿನ ವಿಸ್ಯಕ್ಕೆ ಜಗಳ ಆಗಿ ಮಾತು ಬಿಟ್ಟಿದ್ದೋ. ಮೆಟ್ಲಾಗೆ ಎದುರಾದ್ರೆ ಇಬ್ರೂ ದಾರಿ ಬಿಡ್ತಿರ್ಲಿಲ್ಲ. ಕೈಯಾಗಿನ ಅನ್ನ ಆರಿ ಹೋಗೋದು, ಮ್ಯಾಲೆ ಗಂಡಸ್ರು ಹಸ್ಕೊಂಡು ಕೂತಿರೋರು. ಮಾವನೋರು ರೋಸಿ ಇನ್ನೊಂದು ಮೆಟ್ಲು ಕಟ್ಟಿಸ್ಬುಟ್ರು."

"ಆಮೇಲೆ?"

"ಆಮ್ಯಾಕೆ ಅವಳ ಕಾಲು ಮುರೀತು. ಮಹಡಿ ಮ್ಯಾಲೇ ಮಲಗಿದ್ಳು. ಬ್ಯಾರೆ ಯಾರವ್ರೆ? ಅವಳ ಮೆಟ್ಲಲ್ಲೇ ಹತ್ತಿ ಸಾರನ್ನ ಇಟ್ಟು ಬತ್ತಿದ್ದೆ, ಮಾತಿಲ್ಲ ಕತೆಯಿಲ್ಲ. ಮೂರ್ನೇ ದಿನ ಅವಳೇ 'ಹುಳಿ ಜಾಸ್ತಿ ಆಯ್ತು ಕಣೇ' ಅಂದ್ಳು. ನಂಗೆ ಅಳೂನೇ ಬಂದ್ಬುಡ್ತು. ಅವತ್ತಿಂದ ಅವಳು ಸಾಯೋಗಂಟ ಇಬ್ರೂ ಒಂದೇ ಮೆಟ್ಲಲ್ಲಿ ಓಡಾಡಿದ್ವಿ."

ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ದಿವಾನರ ವಿಷಯ ಮತ್ತೆ ಎತ್ತಲಿಲ್ಲ. ಆ ದೊಡ್ಡತನವೇ ನನ್ನನ್ನು ಹೆಚ್ಚು ಚುಚ್ಚಿತು. ಅವರನ್ನು ಬಸ್ಸು ಹತ್ತಿಸಿ ಬಂದು, ಮಹಡಿಯಿಂದಲೇ ಎಲ್ಲ ಕೇಳಿಸಿಕೊಂಡು ಮುಖ ಊದಿಸಿಕೊಂಡಿದ್ದ ಹೆಂಡತಿಯ ಮುಂದೆ ತಪ್ಪೊಪ್ಪಿಕೊಂಡೆ: "ನಿಮ್ಮಪ್ಪನ ಹತ್ತಿರ ಸುಳ್ಳು ಹೇಳಬಾರದಿತ್ತು."

"ಸುಳ್ಳು ಹೇಳಿದ್ದಕ್ಕಲ್ಲ ರೀ ಬೇಜಾರು," ಎಂದಳು, "ಮನೆಯಲ್ಲಿ ಅಂಥಾ ನಿಜ ಇಟ್ಟುಕೊಂಡು ಇಂಥಾ ಸಪ್ಪೆ ಸುಳ್ಳು ಹೇಳಿದಿರಲ್ಲ, ಅದಕ್ಕೆ."